ಬೋಟು ಪ್ರದರ್ಶನದಲ್ಲಿ ಕಂಬ ಏರುವ ಸಾಮಗ್ರಿಯ ಡೆಮೊ: ಸಣ್ಣ ಸ್ಟಾಲಿನವರು ಸುರಕ್ಷತಾ ನಿಯಮ ನಿಭಾಯಿಸುವುದು ಹೇಗೆ?

ಧಕ್ಕೆ_ಸಾಮಾನು (ಚರ್ಚೆ ಆರಂಭ)

ಮಂಗಳೂರು, ಉಡುಪಿ ಕಡೆ ಬೋಟು ಮತ್ತು ಮೀನುಗಾರಿಕೆ ಸಾಮಗ್ರಿಯ ಪ್ರದರ್ಶನಗಳಲ್ಲಿ ಸ್ಟಾಲ್ ಹಾಕುವ ಸಣ್ಣ ವ್ಯಾಪಾರಿಗಳಿಗೆಲ್ಲ ಸಂಬಂಧಪಟ್ಟ ಪ್ರಶ್ನೆ ಇದು. ಮಾರುವುದು ಬೋಸನ್ ಕುರ್ಚಿ (ಹಗ್ಗದಲ್ಲಿ ನೇತಾಡಿಕೊಂಡು ಕೂರುವ ಆಸನ), ಫುಲ್ ಬಾಡಿ ಹಾರ್ನೆಸ್ (ಮೈಗೆಲ್ಲ ಹಾಕುವ ಸುರಕ್ಷತಾ ಪಟ್ಟಿ), ಅಸೆಂಡರ್ (ಹಗ್ಗ ಕಚ್ಚಿ ಏರುವ ಸಾಧನ), ಡಿಸೆಂಡರ್ (ಹಗ್ಗದಲ್ಲಿ ಇಳಿಯುವ ಸಾಧನ), ಕಪ್ಪಿ, 11 ಎಂ.ಎಂ. ಹಗ್ಗ. ಟ್ರಾಲ್ ಬೋಟಿನ ಕಂಬದ ಮೇಲಿನ ಹಸಿರು-ಬಿಳಿ ದೀಪ ಹೋದರೆ, ವಿಎಚ್‌ಎಫ್ ರೇಡಿಯೋ ಆಂಟೆನಾದ ವಯರು ತುಂಡಾದರೆ, ಯಾರಾದರೂ ಮೇಲೆ ಹತ್ತಲೇಬೇಕು. ಈಗ ಹೆಚ್ಚಿನ ಕಡೆ ಕಲಾಸಿಗಳು (ಬೋಟಿನ ಕೆಲಸದವರು) ಬಲೆಗೆ ಬಳಸುವ ಪಿಪಿ (ಪಾಲಿಪ್ರೊಪಿಲೀನ್) ರೋಪನ್ನೇ ಸೊಂಟಕ್ಕೆ ಸುತ್ತಿಕೊಂಡು ಹತ್ತುವುದು. ಬದಲಾಗಬೇಕಾದ್ದು ಇದೇ. ಆದರೆ ಕುರ್ಚಿಯನ್ನು ಮೇಜಿನ ಮೇಲೆ ಮಡಚಿಟ್ಟರೆ ಬೋಟಿನ ಯಜಮಾನರಿಗಾಗಲಿ ಬೋಟು ನಡೆಸುವ ತಾಂಡೇಲರಿಗಾಗಲಿ ಅದರ ಕೆಲಸ ಅರ್ಥ ಆಗುವುದಿಲ್ಲ. ಸ್ಟಾಲಿನಲ್ಲೇ 4 ಮೀಟರಿನ ಡೆಮೊ ಕಂಬ ನಿಲ್ಲಿಸಿ ಏರಿ ತೋರಿಸಬೇಕು.

ಆಯೋಜಕರ ನಿಯಮ ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಲಿಖಿತ ಅನುಮತಿ ಇಲ್ಲದೆ ಯಾರೂ ನೆಲ ಬಿಟ್ಟು ಮೇಲೇರಬಾರದು. ಅಪಾಯ ವಿಶ್ಲೇಷಣೆ ಮತ್ತು ಕೆಲಸದ ವಿಧಾನ ಬರೆದು ಕೊಡಬೇಕು. ಕಂಬಕ್ಕೆ ಸ್ಟ್ರಕ್ಚರಲ್ ಎಂಜಿನಿಯರರ ಪ್ರಮಾಣಪತ್ರ ಬೇಕು. ಏರುವವರು ಶಾಕ್ ಅಬ್ಸಾರ್ಬರ್ (ಬಿದ್ದಾಗ ಬಿಚ್ಚಿಕೊಂಡು ಜರ್ಕು ತಗ್ಗಿಸುವ ಪಟ್ಟಿ) ಇರುವ, ಹಾರ್ನೆಸ್ಸನ್ನು ಕಂಬಕ್ಕೆ ಜೋಡಿಸುವ ಜೋಡಿ ಹಗ್ಗ ಅಂದರೆ ಡಬಲ್ ಲ್ಯಾನ್‌ಯಾರ್ಡ್ ಹಾಕಿರಬೇಕು. ರಕ್ಷಣಾ ಯೋಜನೆ ಬೇಕು. ಪಬ್ಲಿಕ್ ಲಯಬಿಲಿಟಿ (ಹೊರಗಿನವರಿಗೆ ಆಗುವ ಹಾನಿಯ ಹೊಣೆ) ವಿಮೆ ಬೇಕು. 3×3 ಮೀಟರ್ ಸ್ಟಾಲ್ ಹಿಡಿದವರು ಇಷ್ಟನ್ನೂ ಒಬ್ಬರೇ ಹೊಂದಿಸಲು ಹೊರಟರೆ ಸ್ಟಾಲಿನ ಬಾಡಿಗೆಗಿಂತ ಕಾಗದದ ಖರ್ಚೇ ಜಾಸ್ತಿ. ದೊಡ್ಡ ಕಂಪೆನಿಯವರು ಮಾಡುತ್ತಾರೆ, ಸಣ್ಣವರು ಡೆಮೊ ಕೈಬಿಡುತ್ತಾರೆ. ಇದರಲ್ಲಿ ಯಾವುದು ನಿಜಕ್ಕೂ ಬೇಕು, ಯಾವುದನ್ನು ಬದಲಿಸಲು ಕೇಳಬಹುದು? ಗೊತ್ತಿರುವವರು ಅಳತೆ ಸಮೇತ ಹೇಳಿ.

ಸೇಫ್ಟಿ_ಪಣಂಬೂರು

ಡಬಲ್ ಲ್ಯಾನ್‌ಯಾರ್ಡಿನ ಷರತ್ತು ಬದಲಾಗಲೇಬೇಕು. ಕಷ್ಟ ಅಂತಲ್ಲ, ಆ ಎತ್ತರದಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ.

ಲೆಕ್ಕ ನೋಡಿ. ಇಎನ್ 355 (ಯುರೋಪಿನ ಮಾನಕ) ಪ್ರಕಾರ ಅಬ್ಸಾರ್ಬರ್ ಸೇರಿ ಲ್ಯಾನ್‌ಯಾರ್ಡ್ ಉದ್ದ 2 ಮೀಟರ್ ವರೆಗೆ ಇರಬಹುದು. ಬಿದ್ದಾಗ ಅಬ್ಸಾರ್ಬರ್ ಬಿಚ್ಚಿಕೊಂಡು 1.75 ಮೀಟರ್ ವರೆಗೆ ಉದ್ದ ಆಗಬಹುದು. ಬೆನ್ನಿನ ರಿಂಗಿನಿಂದ ಪಾದಕ್ಕೆ ಸುಮಾರು 1.5 ಮೀಟರ್. ಕೆಳಗೆ 1 ಮೀಟರ್ ಖಾಲಿ ಬಿಡಬೇಕು. ಎಲ್ಲ ಕೂಡಿಸಿದರೆ ಆಂಕರಿನಿಂದ (ಮೇಲೆ ಜೋಡಿಸಿದ ಜಾಗದಿಂದ) ಕೆಳಗೆ 6.25 ಮೀಟರ್ ಬೇಕಾಯಿತು. ಡೆಮೊ ಕಂಬ ಇರುವುದೇ 4 ಮೀಟರ್. ಅಂದರೆ ಅಬ್ಸಾರ್ಬರ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮನುಷ್ಯ ನೆಲ ಮುಟ್ಟಿರುತ್ತಾನೆ. ಆ ಷರತ್ತು ಎತ್ತರದ ಕಟ್ಟಡ ಮತ್ತು ಟವರ್ ಕೆಲಸಕ್ಕೆ ಸರಿ, ಸ್ಟಾಲಿಗೆ ಅಲ್ಲ.

ಅದರ ಬದಲು ಬರೆಯಬೇಕಾದ್ದು: "ಏರುವ ಹಗ್ಗದ ಆಂಕರಿಗೆ ಸಂಬಂಧವಿಲ್ಲದ ಬೇರೆ ಆಂಕರಿನಿಂದ ಎರಡನೇ ಸುರಕ್ಷತಾ ಹಗ್ಗ, ಯಾವಾಗಲೂ ಸಡಿಲ ಇಲ್ಲದೆ." ಮೇಲಿನಿಂದ ಬರುವ ಹಗ್ಗ ಬಿಗಿಯಾಗಿದ್ದರೆ ಬೀಳುವ ದೂರವೇ ಇರುವುದಿಲ್ಲ, ಹಗ್ಗ ಸ್ವಲ್ಪ ಎಳೆಯುತ್ತದೆ ಅಷ್ಟೆ. ಇಎನ್ 1891 ಟೈಪ್ ಎ (ಕಡಿಮೆ ಹಿಗ್ಗುವ) ಹಗ್ಗದಲ್ಲಿ 50 ಕೆ.ಜಿ.ಯಿಂದ 150 ಕೆ.ಜಿ.ಗೆ ಭಾರ ಏರಿದಾಗ ಹಿಗ್ಗುವಿಕೆ 5 ಶೇಕಡಾ ಮೀರಬಾರದು. 4 ಮೀಟರಿಗೆ ಅದು 20 ಸೆಂ.ಮೀ. ಒಳಗೆ.

ಬೆಂಗ್ರೆ_ಬೋಟು

ಎರಡು ಹಗ್ಗ ಅಂದರೆ ಬೋಟಿನಲ್ಲೂ ಎರಡು ಬೇಕಾ? ಕಂಬದ ತುದಿಯಲ್ಲಿ ಇರುವುದು ಒಂದೇ ಕಪ್ಪಿ.

ರಿಗ್ಗಿಂಗ್_ಮಲ್ಪೆ

ಹೌದು ಅಣ್ಣ, ಎರಡು ಬೇಕು. ಎರಡನೆಯದಕ್ಕೆ ಕಪ್ಪಿ ಬೇಡ. ಕಂಬದ ತಲೆಯಲ್ಲಿ ಗಟ್ಟಿ ವೆಲ್ಡಿಂಗ್ ಇರುವ ಕಣ್ಣು ಇದ್ದರೆ ಅದಕ್ಕೆ ಮೊದಲೇ ಒಂದು ಹಗ್ಗ ಕಟ್ಟಿ ಇಳಿಬಿಟ್ಟಿರಬೇಕು. ಅದರ ಮೇಲೆ ರೋಪ್ ಗ್ರಾಬ್ (ಬಿದ್ದರೆ ಹಗ್ಗವನ್ನು ಕಚ್ಚಿ ಹಿಡಿಯುವ ಸಾಧನ) ಜಾರಿಸಿಕೊಂಡು ಹೋಗುವುದು. ಡೆಮೊದಲ್ಲಿ ತೋರಿಸಬೇಕಾದ ಮುಖ್ಯ ವಿಷಯ ಇದೇ ಅಂತ ನನ್ನ ಅಭಿಪ್ರಾಯ. ಕುರ್ಚಿ ಯಾರು ಬೇಕಾದರೂ ಮಾರುತ್ತಾರೆ. ಎರಡನೇ ಹಗ್ಗದ ಅಭ್ಯಾಸ ಕಲಿಸುವವರು ಕಡಿಮೆ.

ಸಾಮಾನಿನಲ್ಲಿ ಎಲ್ಲಿ ತಪ್ಪುತ್ತದೆ ಅಂತ ಪಟ್ಟಿ ಕೇಳುವವರಿಗೆ:

ಪಿಪಿ ರೋಪು ಜೀವ ನೇತುಹಾಕುವ ಹಗ್ಗ ಅಲ್ಲ. ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ, ಸುಮಾರು 165 ಡಿಗ್ರಿಗೆ ಕರಗುತ್ತದೆ. ಉಜ್ಜಿದ ಜಾಗ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಅಲ್ಲಿ ಈಗಾಗಲೇ ಕರಗಿ ಗಟ್ಟಿಯಾಗಿದೆ ಅಂತ ಲೆಕ್ಕ.

ಡೈನೀಮಾ (ತುಂಬ ಗಟ್ಟಿಯಾದ ಒಂದು ಕೃತಕ ನಾರು) ಹಗ್ಗ ಬಲದಲ್ಲಿ ಮುಂದೆ, ಆದರೆ ಮೈ ನುಣುಪು. ಪ್ರುಸಿಕ್ ಗಂಟು (ದಪ್ಪ ಹಗ್ಗಕ್ಕೆ ಸಣ್ಣ ಹುರಿ ಸುತ್ತಿ ಹಾಕುವ, ಭಾರ ಬಿದ್ದಾಗ ಬಿಗಿಯುವ ಗಂಟು) ಅದರ ಮೇಲೆ ಜಾರುತ್ತದೆ. ಅದು ಕರಗುವುದು ಸುಮಾರು 145 ಡಿಗ್ರಿಗೆ, ಜಾರಿದ ಬಿಸಿಯೇ ಹಗ್ಗವನ್ನು ಹಾಳು ಮಾಡಬಹುದು. ಡೆಮೊಗೆ 11 ಎಂ.ಎಂ. ಲೋ-ಸ್ಟ್ರೆಚ್ (ಕಡಿಮೆ ಹಿಗ್ಗುವ), ಮೇಲೆ ಕವಚ ಇರುವ ಕರ್ನ್‌ಮ್ಯಾಂಟಲ್ ಹಗ್ಗವನ್ನೇ ಬಳಸಿ. ಪ್ರುಸಿಕ್ ಕಟ್ಟುವುದಾದರೆ 6 ಎಂ.ಎಂ. ಹುರಿ, ಮೂರು ಸುತ್ತು. ಹುರಿ, ಹಗ್ಗ ಎರಡೂ ಒಂದೇ ದಪ್ಪ ಆದರೆ ಗಂಟು ಸರಿಯಾಗಿ ಹಿಡಿಯುವುದಿಲ್ಲ.

ಹಲ್ಯಾರ್ಡಿನ (ಕಪ್ಪಿ ಮೂಲಕ ಮೇಲೆಳೆಯುವ ಹಗ್ಗದ) ತುದಿಯ ಸ್ನ್ಯಾಪ್ ಶ್ಯಾಕಲಿಗೆ (ಪಿನ್ನು ಎಳೆದರೆ ತೆರೆಯುವ ಕೊಂಡಿಗೆ) ಮನುಷ್ಯನನ್ನು ನೇತುಹಾಕಬೇಡಿ. ಅದರ ಪಿನ್ನು ಕಂಬದ ಕೊಕ್ಕೆಗೋ ವಯರಿಗೋ ಸಿಕ್ಕಿದರೆ ತೆರೆದುಕೊಳ್ಳುತ್ತದೆ. ಕುರ್ಚಿಯ ರಿಂಗಿಗೆ ನೇರ ಬೋಲೈನ್ ಗಂಟು (ಬಿಗಿಯದ ಕುಣಿಕೆಯ ಗಂಟು) ಹಾಕಿ ತುದಿಯನ್ನು ಇನ್ನೊಂದು ಗಂಟಿನಿಂದ ಕಟ್ಟಿಬಿಡಿ.

ಅತಿ ಮುಖ್ಯ: ಎಂಜಿನ್ನಿನ ವಿಂಚಿನಲ್ಲಿ (ಹಗ್ಗ ಸುತ್ತಿ ಎಳೆಯುವ ಯಂತ್ರದಲ್ಲಿ) ಮನುಷ್ಯನನ್ನು ಎಳೆಯಬಾರದು. ಕುರ್ಚಿ ಕಪ್ಪಿಗೆ ಹೋಗಿ ಬಡಿದರೂ ವಿಂಚಿಗೆ ಗೊತ್ತಾಗುವುದಿಲ್ಲ, ಹಗ್ಗ ತುಂಡಾಗುವ ತನಕ ಎಳೆಯುತ್ತಲೇ ಇರುತ್ತದೆ.

ಸ್ಟ್ರಕ್ಚರಲ್_ಕಾವೂರು

ಪ್ರಮಾಣಪತ್ರದ ಬಗ್ಗೆ ಬರೆಯುತ್ತೇನೆ. ಎಂಜಿನಿಯರರು ಸಹಿ ಹಾಕಲು ಹಿಂದೇಟು ಹಾಕುವುದು ಕಂಬದ ಬಲದ ಅನುಮಾನದಿಂದ ಅಲ್ಲ. 100 ಎಂ.ಎಂ. ಸ್ಟೀಲ್ ಪೈಪು ಒಬ್ಬ ಮನುಷ್ಯನನ್ನು ಆರಾಮಾಗಿ ಹೊರುತ್ತದೆ. ಬುಡ ಮಗುಚುತ್ತದಾ ಎಂಬುದೇ ಪ್ರಶ್ನೆ.

4 ಮೀಟರ್ ಕಂಬ, 100 ಕೆ.ಜಿ. ಮನುಷ್ಯ, ಕಂಬದಿಂದ 40 ಸೆಂ.ಮೀ. ಆಚೆ ನೇತಾಡುತ್ತಿದ್ದಾನೆ ಅಂದುಕೊಳ್ಳಿ. 1 ಕಿಲೋನ್ಯೂಟನ್ (ಅಂದಾಜು 100 ಕೆ.ಜಿ. ಭಾರ) ಗುಣಿಸು 0.4 ಮೀಟರ್, ಮಗುಚುವ ಬಲ 0.4 ಕಿಲೋನ್ಯೂಟನ್-ಮೀಟರ್. ಏನೂ ಅಲ್ಲ.

ಈಗ ಅದೇ ಹಗ್ಗ ಮೇಲಿನ ಕಪ್ಪಿ ಸುತ್ತಿ ಬಂದು, ಕೆಳಗೆ 3 ಮೀಟರ್ ದೂರದಲ್ಲಿ ನಿಂತ ಸಹಾಯಕನ ಕೈಯಲ್ಲಿದೆ. ಅವನ ಕೈ ನೆಲದಿಂದ 1 ಮೀಟರ್ ಎತ್ತರದಲ್ಲಿದ್ದರೆ ಹಗ್ಗ 45 ಡಿಗ್ರಿ ಕೋನದಲ್ಲಿ ಎಳೆಯುತ್ತದೆ. ಅಡ್ಡ ಎಳೆತ 0.7 ಕಿಲೋನ್ಯೂಟನ್, ಅದು 4 ಮೀಟರ್ ಎತ್ತರದಲ್ಲಿ. ಗುಣಿಸಿದರೆ 2.8. ಏಳು ಪಟ್ಟು! ಜನರಿಗೆ ಚೆನ್ನಾಗಿ ಕಾಣಲಿ ಅಂತ ಸಹಾಯಕ ದೂರ ನಿಲ್ಲುವುದೇ ಕಂಬ ಅಲ್ಲಾಡಲು ಮೊದಲ ಕಾರಣ. ಪರಿಹಾರ ಸುಲಭ: ಹಗ್ಗ ಕಂಬದ ಬುಡದಲ್ಲೇ ಎರಡನೇ ಕಪ್ಪಿಯ ಮೂಲಕ ಹೊರಗೆ ಬರಲಿ. ಆಗ ಸಹಾಯಕ ಎಲ್ಲಿ ನಿಂತರೂ ಕಂಬದ ತಲೆಗೆ ಅಡ್ಡ ಎಳೆತ ಇಲ್ಲ.

ಬುಡಕ್ಕೆ 2×2 ಮೀಟರ್ ಸ್ಟೀಲ್ ಚೌಕಟ್ಟು, ನಾಲ್ಕು ಮೂಲೆಯಲ್ಲಿ ನೀರು ತುಂಬಿದ 200 ಲೀಟರ್ ಡ್ರಮ್ಮು. ಒಟ್ಟು 800 ಕೆ.ಜಿ., ಅಂಚಿನಿಂದ ಮಧ್ಯಕ್ಕೆ 1 ಮೀಟರ್, ತಡೆಯುವ ಬಲ ಸುಮಾರು 8 ಕಿಲೋನ್ಯೂಟನ್-ಮೀಟರ್. ಮೇಲಿನ ಅಡ್ಡ ಎಳೆತದ 2.8ಕ್ಕೆ, ಬಿದ್ದು ತಡೆದಾಗಿನ 6 ಕಿಲೋನ್ಯೂಟನ್ ಜರ್ಕಿನ 2.4 ಸೇರಿಸಿದರೂ 5.2. ಸಾಲುತ್ತದೆ. ಆದರೆ ಡ್ರಮ್ಮು ಚೌಕಟ್ಟಿನ ಮೇಲೆ ಕೂತಿರಬೇಕು. ಚೌಕಟ್ಟಿನ ಪಕ್ಕದಲ್ಲಿ ನೆಲದ ಮೇಲಿಟ್ಟು ಹಗ್ಗ ಸುತ್ತಿದರೆ ಹಗ್ಗ ಬಿಗಿಯಾಗುವಷ್ಟರಲ್ಲಿ ಕಂಬ ವಾಲಿರುತ್ತದೆ.

ಇನ್ನೊಂದು. ಡೆಮೊ ಕಂಬಕ್ಕೆ ಫ್ಲೆಕ್ಸ್ ಬ್ಯಾನರ್ ಕಟ್ಟಬೇಡಿ. ಮಧ್ಯಾಹ್ನದ ಮೇಲೆ ಪಡುಗಾಳಿ ಬರುತ್ತದೆ. ಸೆಕೆಂಡಿಗೆ 15 ಮೀಟರ್ ವೇಗದ ಒಂದು ಬೀಸು 2 ಚದರ ಮೀಟರ್ ಬ್ಯಾನರಿನ ಮೇಲೆ ಸುಮಾರು 270 ನ್ಯೂಟನ್ ಹಾಕುತ್ತದೆ, ತುದಿಯಲ್ಲಿ ಕಟ್ಟಿದ್ದರೆ ಬುಡಕ್ಕೆ 1.1 ಕಿಲೋನ್ಯೂಟನ್-ಮೀಟರ್. ಕಂಬದ ಮೇಲೆ ಮನುಷ್ಯ ಇರುವಾಗ ಆ ಹೊರೆ ಯಾಕೆ?

ಧಕ್ಕೆ_ಸಾಮಾನು

ತುಂಬ ಉಪಕಾರ ಸರ್. ಈ ಲೆಕ್ಕದ ಹಾಳೆಯನ್ನೇ ಎಂಜಿನಿಯರರ ಮುಂದಿಟ್ಟರೆ ಪರಿಶೀಲಿಸಿ ಸಹಿ ಹಾಕುವ ಕೆಲಸ ಮಾತ್ರ ಉಳಿಯುತ್ತದೆ. ಆದರೆ 2×2 ಬುಡ ಇಟ್ಟರೆ 3×3 ಸ್ಟಾಲಿನಲ್ಲಿ ಉಳಿಯುವುದು ಸುತ್ತ ಅರ್ಧ ಮೀಟರ್. ಜನ ಎಲ್ಲಿ ನಿಲ್ಲುವುದು?

ಸೇಫ್ಟಿ_ಪಣಂಬೂರು

ಸರಿಯಾದ ಜಾಗಕ್ಕೆ ಬಂದಿರಿ. ನಿಜವಾಗಿ ಸಣ್ಣವರನ್ನು ಕಟ್ಟಿಹಾಕುವುದು ಈ ಜಾಗದ ಲೆಕ್ಕ. 4 ಮೀಟರ್ ಎತ್ತರದಿಂದ ಸ್ಪ್ಯಾನರ್ ಬಿದ್ದರೆ ನೇರ ಕೆಳಗೇ ಬೀಳಬೇಕೆಂದಿಲ್ಲ, ಕಂಬಕ್ಕೆ ತಾಗಿ ಹಾರುತ್ತದೆ. ಕಂಬದ ಸುತ್ತ ಕನಿಷ್ಠ 2 ಮೀಟರ್ ಹಗ್ಗ ಕಟ್ಟಿ ಜನರನ್ನು ಹೊರಗೆ ಇಡಬೇಕು. ಅಂದರೆ 4×4 ಮೀಟರ್. ಸ್ಟಾಲಿನ ಗೋಡೆಯಾಗಿ ಜೋಡಿಸುವ ಆಕ್ಟನಾರ್ಮ್ ಪ್ಯಾನೆಲಿನ ಎತ್ತರ 2.5 ಮೀಟರ್, ಅದಕ್ಕೆ ಏನನ್ನೂ ಒರಗಿಸುವ ಹಾಗಿಲ್ಲ. ಒಬ್ಬರ ಸ್ಟಾಲಿನೊಳಗೆ ಇದು ಕೂರುವುದೇ ಇಲ್ಲ. ಆದ್ದರಿಂದ ಕಂಬ ಸ್ಟಾಲಿನಿಂದ ಹೊರಗೆ ಬರಬೇಕು: ಆಯೋಜಕರದ್ದೇ ಒಂದು ಡೆಮೊ ಕಂಬ, ಎಲ್ಲರಿಗೂ ಸೇರಿ. ಒಂದು ಪ್ರಮಾಣಪತ್ರ, ಒಂದು ವಿಮೆ, ಒಬ್ಬ ತರಬೇತಾದ ಮೇಲ್ವಿಚಾರಕ, ಯಾವಾಗಲೂ ಕಟ್ಟಿಯೇ ಇರುವ ಒಂದು ಸುರಕ್ಷತಾ ಹಗ್ಗ. ಪ್ರದರ್ಶಕರು ತಮ್ಮ ಕುರ್ಚಿ, ಅಸೆಂಡರ್ ತಂದು 20 ನಿಮಿಷ ತೋರಿಸಿ ಹೋಗುವುದು.

ತೆಂಗಿನತೋಟ_ಬಂಟ್ವಾಳ

ಕೃಷಿ ಮೇಳಗಳಲ್ಲಿ ತೆಂಗು, ಅಡಿಕೆ ಮರ ಏರುವ ಯಂತ್ರದವರು ಮಾಡುವುದೂ ಹಾಗೇ. ಮೈದಾನದಲ್ಲಿ ಒಂದು ಮರ ಇದ್ದರೆ ಎಲ್ಲರೂ ಅದರಲ್ಲೇ ತೋರಿಸುತ್ತಾರೆ. ಒಂದು ಎಚ್ಚರಿಕೆ ಮಾತ್ರ: ಮರದ ಯಂತ್ರಗಳನ್ನು ಲೋಹದ ಕಂಬಕ್ಕೆ ಹಾಕಬೇಡಿ. ಅವು ಹಿಡಿಯುವುದು ಮರದ ಒರಟು ಮೈಯನ್ನು. ನಯವಾದ ಅಲ್ಯೂಮಿನಿಯಂ ಪೈಪಿನಲ್ಲಿ ರಬ್ಬರ್ ಪಟ್ಟಿ ಜಾರುತ್ತದೆ, ಮಳೆ ಹನಿ ಬಿದ್ದರಂತೂ ಕೇಳುವುದೇ ಬೇಡ.

ಮತ್ತೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಉಂಟು ಅಂತ ಕೆಲವರು ಧೈರ್ಯದಲ್ಲಿ ಇರುತ್ತಾರೆ. ಅದು ತೆಂಗಿನ ಮರ ಏರುವ ಕೆಲಸದವರಿಗಾಗಿ ಇರುವುದು. ಬೋಟು ಪ್ರದರ್ಶನದ ಕಂಬಕ್ಕೆ ಅದನ್ನು ನಂಬಿ ಹತ್ತಬೇಡಿ.

ವಿಮೆ_ಉಡುಪಿ

ವಿಮೆಯ ಮಾತು ಬಂತಲ್ಲ, ಒಂದು ಗೊಂದಲ ಬಿಡಿಸುತ್ತೇನೆ. 1991ರ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ ಇರುವುದು ಅಪಾಯಕಾರಿ ರಾಸಾಯನಿಕ, ಅನಿಲ ಇಂಥದ್ದನ್ನು ಇಟ್ಟುಕೊಳ್ಳುವವರಿಗೆ. ಆ ಪಾಲಿಸಿ ತಂದು ಕೊಟ್ಟರೆ ಹೆಸರು ಸರಿ, ಉಪಯೋಗ ಇಲ್ಲ. ಕೇಳಬೇಕಾದ್ದು ಕೈಗಾರಿಕೇತರ ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಥವಾ ಕಾರ್ಯಕ್ರಮಕ್ಕೆ ಮಾಡುವ ಈವೆಂಟ್ ಪಾಲಿಸಿಯ ಹೊಣೆಗಾರಿಕೆ ಭಾಗ.

ಪ್ರಸ್ತಾವನೆಯಲ್ಲಿ "ಉತ್ಪನ್ನ ಪ್ರದರ್ಶನ" ಅಂತ ಮಾತ್ರ ಬರೆದು ಬಿಟ್ಟರೆ ಕ್ಲೇಮ್ ಸಮಯದಲ್ಲಿ ತೊಂದರೆ ಖಂಡಿತ. ಹೀಗೆ ಬರೆಯಿರಿ: "4 ಮೀಟರ್ ಕಂಬದಲ್ಲಿ ಹಗ್ಗದ ಮೂಲಕ ಮನುಷ್ಯರು ಏರುವ ಪ್ರಾತ್ಯಕ್ಷಿಕೆ. ಒಂದು ಹೊತ್ತಿಗೆ ಒಬ್ಬರು. ಸಂದರ್ಶಕರು ಏರುತ್ತಾರೆ ಅಥವಾ ಏರುವುದಿಲ್ಲ." ಕೊನೆಯ ವಾಕ್ಯದಲ್ಲಿ ಯಾವುದು ಅಂತ ಖಚಿತವಾಗಿ ಹೇಳಿ, ಪಾಲಿಸಿಯಲ್ಲಿ ಸೇರಿಸಿಕೊಂಡ ಬಗ್ಗೆ ಎಂಡಾರ್ಸ್‌ಮೆಂಟ್ ಲಿಖಿತವಾಗಿ ತೆಗೆದುಕೊಳ್ಳಿ. ಏರುವ ಸಿಬ್ಬಂದಿಗೆ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಬೇಕು. ಪಬ್ಲಿಕ್ ಪಾಲಿಸಿ ಹೊರಗಿನವರಿಗೆ ಮಾತ್ರ.

ಸಂದರ್ಶಕರ ಹತ್ತಿರ "ಏನಾದರೂ ಆದರೆ ನಾವು ಜವಾಬ್ದಾರರಲ್ಲ" ಅಂತ ಸಹಿ ಹಾಕಿಸಿಕೊಂಡರೆ ಸಾಕು ಅಂತ ನಂಬಬೇಡಿ. ನಿರ್ಲಕ್ಷ್ಯ ಸಾಬೀತಾದರೆ ಆ ಕಾಗದ ನಿಮ್ಮನ್ನು ಉಳಿಸುತ್ತದೆ ಅನ್ನುವ ಖಾತ್ರಿ ಇಲ್ಲ.

ಆಯೋಜನೆ_ಕಡೆಯವರು

ಆಯೋಜಕರ ಕಷ್ಟವನ್ನೂ ನೋಡಿ. ಪೊಲೀಸ್, ಅಗ್ನಿಶಾಮಕ, ಪಾಲಿಕೆ, ಮೆಸ್ಕಾಂ ಎಲ್ಲ ಕಡೆಯ ಅನುಮತಿ ಕಾಗದದಲ್ಲಿ ಹೆಸರು ಇರುವುದು ಆಯೋಜಕರದ್ದು. ಯಾವುದೋ ಸ್ಟಾಲಿನಲ್ಲಿ ಯಾರೋ ಬಿದ್ದರೆ ಇಡೀ ಪ್ರದರ್ಶನ ಬಾಗಿಲು ಹಾಕಬೇಕಾಗುತ್ತದೆ. ಅದಕ್ಕೇ ನಿಯಮ ಪುಸ್ತಕ ಬಿಗಿ. ಬ್ರಿಟನ್ನಿನ ಪ್ರದರ್ಶನಗಳಲ್ಲೂ ಹೀಗೇ ಇರುವಾಗ ನಾವು ಸಡಿಲ ಬಿಡುವುದು ಹೇಗೆ?

ರಿಗ್ಗಿಂಗ್_ಮಲ್ಪೆ

ಬ್ರಿಟನ್ನಿನ ನಿಯಮವನ್ನು ಪೂರ್ತಿ ಓದಿದರೆ ಅದು ನಮ್ಮ ಪುಸ್ತಕಗಳಿಗಿಂತ ಹೆಚ್ಚು ಬುದ್ಧಿವಂತಿಕೆಯದು ಸರ್. ಅಲ್ಲಿನ 2005ರ ಎತ್ತರದ ಕೆಲಸದ ನಿಯಮದಲ್ಲಿ "ಇಷ್ಟು ಮೀಟರಿಗಿಂತ ಮೇಲೆ" ಅಂತ ಗೆರೆಯೇ ಇಲ್ಲ. ಬಿದ್ದರೆ ಪೆಟ್ಟಾಗಬಹುದಾದ ಯಾವ ಎತ್ತರವೂ ಅದರೊಳಗೆ ಬಂತು. ಹಗ್ಗದ ಕೆಲಸಕ್ಕೆ ಬೇರೆ ಬೇರೆ ಆಂಕರಿನ ಎರಡು ಹಗ್ಗ ಕೇಳುತ್ತದೆ. ಜೊತೆಗೆ, ಎರಡನೇ ಹಗ್ಗದಿಂದಲೇ ಅಪಾಯ ಹೆಚ್ಚುತ್ತದೆ ಅಂತ ವಿಶ್ಲೇಷಣೆಯಲ್ಲಿ ತೋರಿಸಿದರೆ, ಬೇರೆ ಸೂಕ್ತ ಕ್ರಮ ತೆಗೆದುಕೊಂಡು ಒಂದೇ ಹಗ್ಗದಲ್ಲೂ ಕೆಲಸ ಮಾಡಲು ಅವಕಾಶ ಇದೆ. ಅಂದರೆ ಯೋಚಿಸಿದವರ ಮಾತಿಗೆ ಅಲ್ಲಿ ಜಾಗ ಉಂಟು. ಮನುಷ್ಯರನ್ನು ಎತ್ತುವ ಸಲಕರಣೆಗೆ ಅಲ್ಲಿನ 1998ರ ಲೋಲರ್ (ಎತ್ತುವ ಸಲಕರಣೆಗಳ) ನಿಯಮದಂತೆ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು. ಇದನ್ನು ನಾವೂ ಒಪ್ಪಬೇಕು. ಉಪ್ಪುಗಾಳಿಯ ಊರಿನಲ್ಲಿ ಅಲ್ಯೂಮಿನಿಯಂ ಕ್ಯಾರಾಬಿನರಿನ (ಹಗ್ಗ ಜೋಡಿಸುವ ಕೊಂಡಿಯ) ಗೇಟು ಗೋಡೌನಿನಲ್ಲಿ ಇಟ್ಟಲ್ಲೇ ಬಿಳಿ ಪುಡಿ ಹಿಡಿದು ಅಂಟಿಕೊಳ್ಳುತ್ತದೆ. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಗೇಟು ತಾನಾಗಿ ಮುಚ್ಚುತ್ತದಾ ಅಂತ ನೋಡಿಯೇ ಡೆಮೊಗೆ ತರಬೇಕು.

ಇನ್ನೊಂದು ವ್ಯತ್ಯಾಸ. ಬ್ರಿಟನ್ನಿನ ಸೌತಾಂಪ್ಟನ್ ಬೋಟು ಪ್ರದರ್ಶನದಲ್ಲಿ ಬೋಟುಗಳು ತೇಲು ಜೆಟ್ಟಿಗೆ ಕಟ್ಟಿ ನೀರಿನಲ್ಲೇ ಇರುತ್ತವೆ, ನಿಜವಾದ ಮಾಸ್ಟ್ (ಬೋಟಿನ ಕಂಬ) ಪಕ್ಕದಲ್ಲೇ ಸಿಗುತ್ತದೆ. ನಮ್ಮಲ್ಲಿ ಪ್ರದರ್ಶನ ಮೈದಾನದಲ್ಲಿ ಅಥವಾ ಹಾಲಿನಲ್ಲಿ. ಕಂಬ ಹೊರಗಿನಿಂದ ತರಬೇಕು.

ಬೆಂಗ್ರೆ_ಬೋಟು

ಹಾಗಾದರೆ ಜೂನ್, ಜುಲೈ ಮೀನುಗಾರಿಕೆ ರಜೆಯಲ್ಲಿ 61 ದಿನ ಬೋಟುಗಳೆಲ್ಲ ಧಕ್ಕೆಯಲ್ಲೇ ಇರುತ್ತವಲ್ಲ. ಅಲ್ಲೇ ತೋರಿಸಿದರೆ ಆಗದಾ?

ರಿಗ್ಗಿಂಗ್_ಮಲ್ಪೆ

ಆಲೋಚನೆ ಒಳ್ಳೆಯದು, ಸಮಯ ಕೆಟ್ಟದು. ಮಳೆಗೆ ಕಂಬ ಜಾರುತ್ತದೆ, ಸಿಡಿಲು ಬೇರೆ. ಒದ್ದೆಯಾದ ನೈಲಾನ್ ಹಗ್ಗದ ಬಲ 10ರಿಂದ 15 ಶೇಕಡಾ ಕಡಿಮೆ ಆಗುತ್ತದೆ. ನೀರಿನಲ್ಲಿ ನಿಂತ ಬೋಟು 5 ಡಿಗ್ರಿ ವಾಲಿದರೂ 6 ಮೀಟರ್ ಎತ್ತರದಲ್ಲಿ ಅರ್ಧ ಮೀಟರ್ ಆಚೀಚೆ.  ರಿಪೇರಿಗೆ ದಡಕ್ಕೆ ಎಳೆದು ಗೂಟ ಕೊಟ್ಟು ನಿಲ್ಲಿಸಿದ ಬೋಟು ಆದರೆ ಅಲ್ಲಾಡುವುದಿಲ್ಲ, ಆದರೆ ಡೆಕ್ಕೇ ನೆಲದಿಂದ ಎತ್ತರದಲ್ಲಿದೆ, ಅದರ ಮೇಲೆ ಕಂಬ. ಹೊಸಬರಿಗೆ ಮೊದಲ ಪಾಠ ಅಲ್ಲಿ ಬೇಡ.

ಸೇಫ್ಟಿ_ಪಣಂಬೂರು

ರಕ್ಷಣಾ ಯೋಜನೆಯ ಬಗ್ಗೆ ಯಾರೂ ಬರೆದಿಲ್ಲ. ಹೆಚ್ಚಿನವರು "108ಕ್ಕೆ ಕರೆ ಮಾಡುವುದು" ಅಂತ ಒಂದು ಸಾಲು ಬರೆದು ಕೊಡುತ್ತಾರೆ. ಅದು ರಕ್ಷಣಾ ಯೋಜನೆ ಅಲ್ಲ. ಹಾರ್ನೆಸ್ಸಿನಲ್ಲಿ ಅಲ್ಲಾಡದೆ ನೇತಾಡುವವನ ಜೀವಕ್ಕೆ ಬೇಗ ಅಪಾಯ ಆಗಬಹುದು. ಪ್ರಜ್ಞೆ ತಪ್ಪಿದವನನ್ನು ಕೆಲವೇ ನಿಮಿಷದಲ್ಲಿ ನೆಲಕ್ಕೆ ಇಳಿಸಬೇಕು, ಆಂಬುಲೆನ್ಸ್ ಬರುವವರೆಗೆ ಕಾಯುವ ಹಾಗಿಲ್ಲ.

ಇದಕ್ಕೆ ಡೆಮೊ ಕಂಬ ಕಟ್ಟುವಾಗಲೇ ದಾರಿ ಮಾಡಿಡಬೇಕು. ಬೋಟಿನಲ್ಲಿ ಹೇಗೇ ಇರಲಿ, ಇಲ್ಲಿ ಎರಡೂ ಹಗ್ಗವನ್ನು ಮೇಲೆ ಗಂಟು ಹಾಕಿ ಬಿಡಬೇಡಿ. ಪ್ರತಿಯೊಂದನ್ನೂ ಕಂಬದ ತಲೆಯಲ್ಲಿ ಅದರದ್ದೇ ಕಪ್ಪಿಯ ಮೂಲಕ ಹಾಯಿಸಿ, ಬುಡದಲ್ಲಿ ಅದರದ್ದೇ ಆಂಕರಿಗೆ, ತಾನಾಗಿ ಹಿಡಿಯುವ ಡಿಸೆಂಡರಿನಲ್ಲಿ ಕಟ್ಟಿ ಲಾಕ್ ಮಾಡಿ. ಮೇಲಿನವನು ಸಿಕ್ಕಿಕೊಂಡರೆ ಕೆಳಗಿನವರು ಎರಡು ಲಾಕ್ ಬಿಚ್ಚಿ ಹಿಡಿಕೆ ಒತ್ತಿದರೆ ಅವನು ನಿಧಾನಕ್ಕೆ ಇಳಿಯುತ್ತಾನೆ. ಯಾರೂ ಮೇಲೆ ಹತ್ತಬೇಕಾಗಿಲ್ಲ. ಇದಕ್ಕೆ ಡಿಸೆಂಡರಿನಿಂದ ಆಚೆ 5 ಮೀಟರ್ ಹೆಚ್ಚುವರಿ ಹಗ್ಗ ಬುಡದಲ್ಲಿ ಸುತ್ತಿಟ್ಟಿರಬೇಕು, ತುದಿಗೆ ಗಂಟು ಹಾಕಿರಬೇಕು. ಬೆಳಿಗ್ಗೆ ಗೇಟು ತೆರೆಯುವ ಮೊದಲು ಮರಳಿನ ಚೀಲ ಕಟ್ಟಿ ಒಮ್ಮೆ ಇಳಿಸಿ ನೋಡಬೇಕು. ಈ ಕಪ್ಪಿ ವ್ಯವಸ್ಥೆಯಲ್ಲಿ ಕಂಬದ ತಲೆಯ ಮೇಲೆ ಬೀಳುವ ಭಾರ ಮನುಷ್ಯನ ತೂಕದ ಎರಡು ಪಟ್ಟು, ಎಂಜಿನಿಯರರಿಗೆ ಹೇಳಲು ಮರೆಯಬೇಡಿ.

ಅಸೆಂಡರಿನ ಡೆಮೊದಲ್ಲಿ ಇದು ಹೆಚ್ಚು ಬೇಕು. ಅಸೆಂಡರ್ ಮೇಲೆ ಹೋಗುವ ಸಾಧನ. ಭಾರ ಇರುವಾಗ ಕೆಳಗೆ ಜಾರುವುದಿಲ್ಲ. ಇಳಿಯಬೇಕಾದರೆ ಕಾಲಿನ ಕುಣಿಕೆಯಲ್ಲಿ ಎದ್ದು ನಿಂತು, ಸೀಟಿನ ಅಸೆಂಡರಿನ ಭಾರ ತೆಗೆದು, ಒಂದೊಂದು ಗೇಣು ಇಳಿಸಬೇಕು. ದಣಿದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಧಕ್ಕೆ_ಸಾಮಾನು

ಸಂದರ್ಶಕರನ್ನು ಕೂರಿಸಿ ನೋಡುವ ವಿಷಯ? ಯಜಮಾನರು ಕೂತು ನೋಡದೆ ಖರೀದಿ ಮಾಡುವುದಿಲ್ಲ.

ರಿಗ್ಗಿಂಗ್_ಮಲ್ಪೆ

ಕೂರಿಸಬಹುದು, ಏರಿಸುವುದು ಬೇಡ. ಪಾದ ನೆಲದಿಂದ 30 ಸೆಂ.ಮೀ. ಮೇಲೆ ಬಂದರೆ ಸಾಕು, ಸೊಂಟಕ್ಕೆ, ತೊಡೆಗೆ ಎಲ್ಲಿ ಒತ್ತುತ್ತದೆ ಅಂತ ಗೊತ್ತಾಗುತ್ತದೆ. ಕೆಳಗೆ ದಪ್ಪ ಫೋಮ್ ಮ್ಯಾಟ್. ಇದಕ್ಕೂ ಸುರಕ್ಷತಾ ಹಗ್ಗ ಹಾಕಿ. ಮುಂಡು, ಲುಂಗಿ, ಸೀರೆ ಉಟ್ಟವರಿಗೆ ಹಾರ್ನೆಸ್ಸಿನ ಕಾಲಿನ ಪಟ್ಟಿ ಸರಿಯಾಗಿ ಕೂರುವುದಿಲ್ಲ, ಬಟ್ಟೆ ಮಡಿಕೆಯಾಗಿ ಬಕಲಿಗೆ ಸಿಕ್ಕುತ್ತದೆ. ಅವರಿಗೆ ಹಲಗೆ ಇರುವ ಬೋಸನ್ ಕುರ್ಚಿ ತೋರಿಸಿ. ಮಕ್ಕಳನ್ನು ಕೂರಿಸಲೇಬೇಡಿ.

ಆಯೋಜನೆ_ಕಡೆಯವರು

ಎಲ್ಲರಿಗೂ ಸೇರಿ ಒಂದೇ ಕಂಬದ ಯೋಚನೆ ಒಪ್ಪುವಂಥದ್ದು. ಎರಡು ಸಂಶಯ. ದೊಡ್ಡ ಕಂಪೆನಿಯವರು ಸಂಜೆಯ ಹೊತ್ತನ್ನೆಲ್ಲ ಹಿಡಿದುಕೊಂಡರೆ? ಪ್ರದರ್ಶಕರ ಸ್ವಂತ ಕುರ್ಚಿಯೇ ಹರಿದರೆ ಯಾರ ಹೊಣೆ?

ಸೇಫ್ಟಿ_ಪಣಂಬೂರು

ಮೊದಲನೆಯದಕ್ಕೆ ಚೀಟಿ ಎತ್ತಿ. ಸಂಜೆ 5ರಿಂದ 8ರ ಹೊತ್ತಿನಲ್ಲಿ ಪ್ರತಿ ಸ್ಟಾಲಿಗೆ ದಿನಕ್ಕೆ ಒಂದೇ ಸರದಿ, ದುಡ್ಡು ಕೊಟ್ಟು ಹೆಚ್ಚು ಪಡೆಯುವಂತಿಲ್ಲ ಅಂತ ನಿಯಮದಲ್ಲೇ ಬರೆಯಿರಿ. ಇದು ಬರೆಯದಿದ್ದರೆ ಸಣ್ಣವರಿಗೆ ಬೆಳಿಗ್ಗೆ 11 ಗಂಟೆಯ ಖಾಲಿ ಮೈದಾನವೇ ಸಿಗುವುದು.

ಎರಡನೆಯದಕ್ಕೆ ಉತ್ತರ ಸುರಕ್ಷತಾ ಹಗ್ಗದಲ್ಲೇ ಉಂಟು. ಏರುವವರು ಒಳಗೆ ಆಯೋಜಕರ ಹಾರ್ನೆಸ್ ಹಾಕಿ, ಅದನ್ನು ಆಯೋಜಕರ ಹಗ್ಗಕ್ಕೆ ಜೋಡಿಸಬೇಕು. ಪ್ರದರ್ಶಕರ ಕುರ್ಚಿ ಹರಿದರೂ ಮನುಷ್ಯ ಬೀಳುವುದಿಲ್ಲ. ಆದರೂ ಪ್ರತಿ ಸಾಮಾನಿನ ಸೀರಿಯಲ್ ನಂಬರು, ತಯಾರಾದ ವರ್ಷ, ಐಎಸ್ 3521 (ಭಾರತೀಯ ಮಾನಕ) ಅಥವಾ ಇಎನ್ ಗುರುತು ಒಂದು ಪುಸ್ತಕದಲ್ಲಿ ಬರೆದಿಡಿ. ಗುರುತು ಇಲ್ಲದ್ದು ಕಂಬಕ್ಕೆ ಇಲ್ಲ.

ತೆಂಗಿನತೋಟ_ಬಂಟ್ವಾಳ

ಕಂಬ ಎಬ್ಬಿಸುವಾಗ ಮೇಲೆ ಕರೆಂಟಿನ ಲೈನ್ ನೋಡಿ ಮಾರಾಯ್ರೆ. ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿ ಲೈನಿಗೆ ತಾಗಿ ಜೀವ ಹೋಗುವ ಸುದ್ದಿ ನಮ್ಮ ಕಡೆ ಹೊಸತಲ್ಲ. 4 ಮೀಟರ್ ಕಂಬವನ್ನು ಮಲಗಿಸಿ ಎತ್ತುವಾಗ ತುದಿ ಯಾವ ಕಡೆ ಸುತ್ತುತ್ತದೆ ಅಂತ ಮೊದಲು ಲೆಕ್ಕ ಹಾಕಿ.

ಆಯೋಜನೆ_ಕಡೆಯವರು

ಮೈದಾನ ಸಿಗದೆ ಮೊದಲ ಮಹಡಿಯ ಹಾಲ್ ಆದರೆ ನೀರಿನ ಡ್ರಮ್ಮಿನ ಭಾರ ನೆಲ ತಡೆಯುತ್ತದಾ?

ಸ್ಟ್ರಕ್ಚರಲ್_ಕಾವೂರು

ಐಎಸ್ 875ರ ಎರಡನೇ ಭಾಗದಲ್ಲಿ ಸ್ಥಿರ ಆಸನ ಇಲ್ಲದ ಸಭಾಂಗಣದ ನೆಲಕ್ಕೆ ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದಾಜು 500 ಕೆ.ಜಿ. ನಿಮ್ಮ 800 ಕೆ.ಜಿ. ನೀರು, ಜೊತೆಗೆ ಚೌಕಟ್ಟು, ಕಂಬ, ಮನುಷ್ಯ ಸೇರಿ ಸುಮಾರು 1,100 ಕೆ.ಜಿ. 4 ಚದರ ಮೀಟರಿಗೆ ಹಂಚಿದರೆ 275. ಒಟ್ಟು ಲೆಕ್ಕದಲ್ಲಿ ಸರಿ. ಆದರೆ ಒಂದೊಂದು ಡ್ರಮ್ಮಿನ ಅಡಿ ಸುಮಾರು 58 ಸೆಂ.ಮೀ. ಅಗಲ, ಅಲ್ಲಿ ಮಾತ್ರ ನೋಡಿದರೆ ಚದರ ಮೀಟರಿಗೆ 760 ಕೆ.ಜಿ. ಹತ್ತಿರ ಆಗುತ್ತದೆ. ಚೌಕಟ್ಟಿನ ಅಡಿ ಪೂರ್ತಿ 18 ಎಂ.ಎಂ. ಪ್ಲೈವುಡ್ ಹಾಸಿ ಭಾರ ಹರಡಿ, ಸಾಧ್ಯವಾದರೆ ತೊಲೆ ಹಾದು ಹೋಗುವ ಜಾಗದ ಮೇಲೆ ಇಡಿ. ಕಟ್ಟಡದ ಮೂಲ ವಿನ್ಯಾಸದ ಅಂಕಿಯನ್ನು ಹಾಲಿನವರಿಂದ ಬರಹದಲ್ಲಿ ಪಡೆದು ಪ್ರಮಾಣಪತ್ರದ ಜೊತೆ ಲಗತ್ತಿಸಿ. ನೀರು ತುಂಬುವುದು ಡ್ರಮ್ಮುಗಳು ಜಾಗದಲ್ಲಿ ಕೂತ ಮೇಲೆ. ಖಾಲಿ ಮಾಡಲು ಪೈಪು ಎಲ್ಲಿಯವರೆಗೆ ಹೋಗುತ್ತದೆ ಅಂತ ಮೊದಲೇ ನೋಡಿಕೊಳ್ಳಿ.